‘ಹುಚ್ಚರ ಡಾಕ್ಟರ’ ಆಗಬಯಸಿದ ಹುಡುಗಿ

ಮೈಗೆ ಜಡ್ಡಾದರೆ ನಾವು ನೆರೆಹೊರೆಯವರಿಗೆಲ್ಲ ಹೇಳಿಕೊಂಡು ಹಗುರಾಗುತ್ತೇವೆ. ಮನಸ್ಸಿಗೆ ಜಡ್ಡಾದರೆ ಬಾಗಿಲು ಮುಚ್ಚಿಕೊಳ್ಳುತ್ತೇವೆ. ಈ ಮಾತನ್ನು ನಾನು ಯಾವ ಗ್ರಂಥದಿಂದಲೂ ಕಲಿತದ್ದಲ್ಲ. ಹುನಗುಂದದಲ್ಲಿ ನಾಲ್ಕು ದಶಕಗಳಿಗೂ ಮಿಕ್ಕಿ ಸಾಮಾನ್ಯ ವೈದ್ಯನಾಗಿ ದುಡಿದು ಕಂಡುಕೊಂಡದ್ದು. ಅದಕ್ಕಿಂತ ಮೊದಲು ನನ್ನ ಮನೆಯಲ್ಲಿಯೇ ಅನುಭವಿಸಿದ್ದು. ಮಠದ ಪ್ರಸಾದನಿಲಯದಲ್ಲಿ ಉಂಡು, ಓದಿ, ನಾಲ್ಕು ಜನರ ನಡುವೆ ಡಾಕ್ಟರನೆನಿಸಿಕೊಂಡವರಲ್ಲಿ ನಾನೂ ಒಬ್ಬ. ನನ್ನಂತೆಯೇ ಆ ಪ್ರಸಾದದ ಋಣದಲ್ಲಿರುವ ಅನೇಕರು ಇಂದು ವೈದ್ಯರಾಗಿದ್ದಾರೆ, ಶಿಕ್ಷಕರಾಗಿದ್ದಾರೆ. ಅವರ ಮಕ್ಕಳು ಮೊಮ್ಮಕ್ಕಳು ವೈದ್ಯಕೀಯ ಓದುತ್ತಿದ್ದಾರೆ. ಅಂಥ ಬಂಧುಗಳ ಮುಂದೆ ಈ ಒಂದು ಪ್ರಸಂಗವನ್ನು ಇಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ತಪ್ಪೊಪ್ಪಿಗೆಯೇ ಹೆಚ್ಚು.

ಇಸವಿ 2022ರ ಶ್ರಾವಣ ಮಾಸ. ಬಾದಾಮಿಯಲ್ಲಿರುವ ನನ್ನ ಅಣ್ಣನ ಮಗ ಫೋನು ಮಾಡಿ, “ಕಾಕಾ, ಸೋಮವಾರ ತಪ್ಪದ ಬರ್ರಿ. ನಿಮ್ಮ ಮೊಮ್ಮಗಳಿಗೆ ನೀವ ಬುದ್ಧಿ ಹೇಳಬೇಕು. ನಮ್ಮ ಮಾತು ಕೇಳಾಕ ಒಲ್ಲಳು” ಎಂದ. ಅವನ ಮಗಳು ಬಾಗಲಕೋಟೆಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಆ ವರ್ಷದ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಸ್ಥಾನ ಪಡೆದಿದ್ದಳು. ಜನರಲ್ ಮೆಡಿಸಿನ್ ಸಿಗುವುದು ಬಹುಮಟ್ಟಿಗೆ ಖಾತ್ರಿಯಿತ್ತು. ಅವಳು ಮಾತ್ರ ಸೈಕಿಯಾಟ್ರಿಯನ್ನೇ, ಅಂದರೆ ಮನೋವೈದ್ಯ ಶಾಸ್ತ್ರವನ್ನೇ, ಮೊದಲ ಆಯ್ಕೆಯಾಗಿ ಬರೆಯುವೆನೆಂದು ಪಟ್ಟು ಹಿಡಿದಿದ್ದಳು. ಸತ್ಯವನ್ನು ಹೇಳಿಬಿಡುತ್ತೇನೆ: ಹುನಗುಂದದಿಂದ ಬಸ್ಸು ಹತ್ತುವಾಗ ನಾನೂ ಅವಳ ಮನಸ್ಸು ತಿರುಗಿಸಬೇಕೆಂದೇ ಹೊರಟಿದ್ದೆ.

ಬಾದಾಮಿಯ ಕೆಂಪು ಬೆಟ್ಟದ ಬುಡದಲ್ಲಿ ಅವರ ಮನೆ. ಲಿಂಗಪೂಜೆ, ಪ್ರಸಾದ ಮುಗಿದ ಮೇಲೆ ಪಡಸಾಲೆಯಲ್ಲಿ ಎಲ್ಲರೂ ಕುಳಿತೆವು. ತಂದೆಯ ವಾದ ಲೆಕ್ಕಾಚಾರದ್ದು. “ಮೆಡಿಸಿನ್ ಮಾಡಿದ್ರ ಮುಂದ ಹೃದಯದ ಡಾಕ್ಟರ ಆಗಬಹುದು. ಇದರಾಗ ಏನೈತ್ರಿ? ಒಂದು ಆಪರೇಶನ್ ಇಲ್ಲ, ಒಂದು ಮಶೀನ್ ಇಲ್ಲ. ದಿನಾ ಕುಂತು ಮಂದಿ ಗೋಳು ಕೇಳೂದು.” ತಾಯಿಯ ಚಿಂತೆ ಬೇರೆ. ಆಕೆ ತಲೆಯ ಮೇಲಿನ ಸೆರಗನ್ನು ಸರಿಪಡಿಸಿಕೊಳ್ಳುತ್ತ, “ಮಾವಾರ, ನಾಳೆ ವರನ ಕಡ್ಯಾವ್ರು ಕೇಳಿದ್ರ ಏನಂತ ಹೇಳೂದ್ರಿ? ನಮ್ಮ ಹುಡುಗಿ ಹುಚ್ಚರ ಡಾಕ್ಟರ ಅಂತ ಹೇಳೂದೇನು? ಈ ಮನಿತನದಾಗ ಏನರ ಐತೇನು, ಅದಕ್ಕ ಆಕಿ ಅದನ್ನ ಹಿಡದಾಳ ಅಂತ ಅನ್ನಂಗಿಲ್ಲೇನು ಮಂದಿ?” ಎಂದು ಕಣ್ಣೀರು ತಂದಳು. ಆ ಕಡೆಯ ಮಾತು ಕೇಳಿ ನನ್ನ ಎದೆ ಝಲ್ಲೆಂದಿತು. ಏಕೆಂದು ಮುಂದೆ ಹೇಳುವೆ.

ನಾನು ಹುಡುಗಿಯ ಕಡೆಗೆ ತಿರುಗಿ, “ನೀ ಹೇಳವಾ ತಂಗಿ, ಯಾಕ ಬೇಕು ನಿನಗ ಇದು?” ಎಂದು ಕೇಳಿದೆ. ಅವಳು ಒಡನೆ ಉತ್ತರಿಸಲಿಲ್ಲ. ಸ್ವಲ್ಪ ತಡೆದು, ಇಂಟರ್ನಿಯಾಗಿದ್ದಾಗ ಮನೋವೈದ್ಯ ವಿಭಾಗದಲ್ಲಿ ಕಳೆದ ಎರಡು ವಾರಗಳ ಒಂದು ಸಂಗತಿಯನ್ನು ಹೇಳಿದಳು.

ಇಳಕಲ್ಲಿನಿಂದ ನೇಕಾರ ಹೆಣ್ಣುಮಗಳೊಬ್ಬಳನ್ನು ಮನೆಯವರು ಕರೆತಂದಿದ್ದರು. ಕುಣಿಮಗ್ಗದ ಮೇಲೆ ಚಿಕ್ಕಂದಿನಿಂದ ಸೀರೆ ನೇಯ್ದ ಕೈ. ಇಳಕಲ್ ಸೀರೆಯಲ್ಲಿ ಮೈಯ ಹಾಸಿಗೆ ಸೆರಗಿನ ರೇಶ್ಮೆಯ ಹಾಸನ್ನು ಎಳೆ ಎಳೆಯಾಗಿ ‘ಕೊಂಡಿ’ ಹಾಕಿ ಕೂಡಿಸುವ ಕೆಲಸವಿದೆಯಷ್ಟೆ. ಕಣ್ಣು, ಬೆರಳು, ಮನಸ್ಸು ಮೂರೂ ಒಂದೆಡೆ ನಿಲ್ಲದೆ ಅದು ಸಾಗದು. ಈಕೆಗೆ ಅದು ಕೈಬಿಟ್ಟುಹೋಗಿತ್ತು. ಎಳೆ ತಪ್ಪುತ್ತಿತ್ತು, ತಪ್ಪಿದ್ದು ತಿಳಿಯುತ್ತಿರಲಿಲ್ಲ. ನಿದ್ದೆಯಿಲ್ಲ, ಊಟ ಸೇರದು, ಮೈಯೆಲ್ಲ ಭಾರ, ಎದೆಯಲ್ಲಿ ಉರಿ. ಒಂದು ವರ್ಷದಲ್ಲಿ ಹಲವು ದವಾಖಾನೆ ಸುತ್ತಿ, ರಕ್ತ ಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನಿಂಗ್ ಎಂದು ಸಾಲ ಮಾಡಿಕೊಂಡಿದ್ದರು. ಎಲ್ಲ ಕಡೆಗೂ “ಏನೂ ಇಲ್ಲ” ಎಂಬ ಒಂದೇ ಉತ್ತರ. ಏನೂ ಇಲ್ಲವೆಂದಮೇಲೆ ಸೋಗು ಮಾಡುತ್ತಾಳೆಂದು ಮನೆಯಲ್ಲಿ ಬೈಗಳು ಸುರುವಾಗಿದ್ದವು.

“ಅಜ್ಜಾ, ನಮ್ಮ ಮೇಡಂ ಆಕಿ ಜೋಡಿ ಮುಕ್ಕಾಲು ತಾಸು ಕುಂತ್ರು. ಅಷ್ಟು ಹೊತ್ತು ಒಬ್ಬ ಪೇಶಂಟ್ ಜೋಡಿ ಕುಂತ ಡಾಕ್ಟರನ್ನ ನಾ ಐದು ವರ್ಷದಾಗ ನೋಡಿರಲಿಲ್ಲ. ‘ಸಾಯಬೇಕು ಅನಸತೈತೇನವಾ?’ ಅಂತ ಕೇಳಿದ್ರು. ಆಕಿ ಆವಾಗ ಅತ್ತಳು. ಬಾವಿ ತನಕ ಎರಡು ಸಲ ಹೋಗಿ ಬಂದಿದ್ದಳಂತ. ಯಾರೂ ಕೇಳಿರಲಿಲ್ಲ, ಆಕಿ ಯಾರಿಗೂ ಹೇಳಿರಲಿಲ್ಲ.” ಗುಳಿಗೆ ಸುರುಮಾಡಿದರು; ಗಂಡನನ್ನೂ ಅತ್ತೆಯನ್ನೂ ಕೂಡಿಸಿ ತಿಳಿಹೇಳಿದರು. ಒಂದೂವರೆ ತಿಂಗಳ ಮೇಲೆ ಆಕೆ ತಪಾಸಣೆಗೆ ಬಂದಳಂತೆ. ನಮ್ಮ ಹುಡುಗಿ ಆಗ ಬೇರೆ ವಿಭಾಗದಲ್ಲಿದ್ದರೂ ಹಂಬಲದಿಂದ ನೋಡಲು ಹೋದಳು. ಮತ್ತೆ ಮಗ್ಗಕ್ಕೆ ಕೂತಿದ್ದೇನೆಂದು ಆ ಹೆಣ್ಣುಮಗಳು ಹೇಳಿದಳಂತೆ. ಕೊಂಡಿ ಹಾಕಿದ ಬೆರಳುಗಳನ್ನು ತೋರಿಸಿದಳಂತೆ. “ಅಷ್ಟ ಅಜ್ಜಾ. ನನಗ ಈ ಕೆಲಸ ಬೇಕು” ಎಂದು ಹುಡುಗಿ ಸುಮ್ಮನಾದಳು.

ವಾಚಕ ಬಂಧುಗಳೇ, ಅವಳು ಹೇಳುತ್ತಿದ್ದಷ್ಟು ಹೊತ್ತೂ ನನ್ನ ಮನಸ್ಸು 1972ನೆಯ ಇಸವಿಗೆ ಹೋಗಿತ್ತು.

ಆಗ ನಾನು ಊರಿಂದ ದೂರದ ಒಂದು ವೈದ್ಯಕೀಯ ಕಾಲೇಜಿನಲ್ಲಿ ವಿದ್ಯಾರ್ಥಿ. ಒಂದು ಮಾನಸಿಕ ಆಸ್ಪತ್ರೆಗೆ ನಮ್ಮ ತಂಡವನ್ನು ಎರಡು ವಾರ ಕಳಿಸಿದ್ದರು. ಪರೀಕ್ಷೆಯಲ್ಲಿ ಈ ವಿಷಯಕ್ಕೆ ಪ್ರತ್ಯೇಕ ಪತ್ರಿಕೆ ಇರಲಿಲ್ಲ. ಮೆಡಿಸಿನ್ ಪತ್ರಿಕೆಯ ಒಂದು ಮೂಲೆಯಲ್ಲಿ ಪ್ರಶ್ನೆಯೊಂದು ಬಂದರೆ ಬಂದೀತು. ಪರೀಕ್ಷೆಗೆ ಬಾರದ್ದನ್ನು ವಿದ್ಯಾರ್ಥಿ ಓದುವುದಿಲ್ಲ. ಇದು ಅಂದಿನ ಮಾತೂ ಹೌದು, ಇಂದಿನ ಮಾತೂ ಹೌದು. ಹೀಗಾಗಿ ಅರ್ಧ ಜನ ಆ ಎರಡು ವಾರ ರಜೆಯೆಂದೇ ಬಗೆದರು. ಹೋದವರು ಕಂಡದ್ದಾದರೂ ಏನು? ಹತ್ತಿಪ್ಪತ್ತು ವರ್ಷಗಳಿಂದ ಮನೆಯವರು ಮರೆತುಬಿಟ್ಟ, ಕಂಬಿಯ ಹಿಂದೆಯೇ ಮುದುಕರಾಗುತ್ತಿದ್ದ ರೋಗಿಗಳನ್ನು. ಗುಣವಾಗಿ ಮನೆಗೆ ಹೋದವರು ಆಸ್ಪತ್ರೆಯಲ್ಲಿ ಇರುವುದಿಲ್ಲವಲ್ಲ! ಹೃದಯರೋಗವನ್ನು ಕೇವಲ ಸಾಯುವವರ ಹಾಸಿಗೆಯ ಪಕ್ಕದಲ್ಲಿ ನಿಲ್ಲಿಸಿ ಕಲಿಸಿದರೆ ಯಾವ ವಿದ್ಯಾರ್ಥಿ ಆ ಶಾಸ್ತ್ರಕ್ಕೆ ಮನಸ್ಸು ಕೊಟ್ಟಾನು? ಮನೋರೋಗ ವಾಸಿಯಾಗದೆಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬೇರೂರಿದ್ದು ಹೀಗೆ.

ಉಳಿದದ್ದನ್ನು ಗೆಳೆಯರ ಹಾಸ್ಯ ಪೂರೈಸಿತು. “ಅಲ್ಲಿಗೆ ಹೋದವ ಅಲ್ಲಿಯವನೇ ಆಗುತ್ತಾನೆ” ಎಂಬುದು ವಸತಿಗೃಹದ ನಿತ್ಯದ ಚೇಷ್ಟೆ. ಹಿರಿಯ ವೈದ್ಯರಲ್ಲಿಯೂ ಕೆಲವರು ಬೇರೆ ಶಾಖೆ ಸಿಗದವರು ಹಿಡಿಯುವ ಶಾಖೆಯಿದು ಎನ್ನುತ್ತಿದ್ದರು. ಎದೆಗೆ ಕೊಳವೆ ಹಚ್ಚಿ ಕೇಳುವ ಸದ್ದಿಲ್ಲ, ಎಕ್ಸ್‌ರೇಯಲ್ಲಿ ಕಾಣುವ ಕಲೆಯಿಲ್ಲ, ರಕ್ತದಲ್ಲಿ ತೋರುವ ಅಂಕೆಯಿಲ್ಲ; ಇದು ವಿಜ್ಞಾನವೇ ಎಂಬ ಸಂಶಯ ಬುದ್ಧಿವಂತ ವಿದ್ಯಾರ್ಥಿಗಳನ್ನೂ ಕಾಡುತ್ತಿತ್ತು. ಮೊನ್ನೆ ನನ್ನ ಮೊಮ್ಮಗಳನ್ನು ಕೇಳಿದಾಗ, ಈ ಮಾತುಗಳೆಲ್ಲ ಐವತ್ತು ವರ್ಷದ ತರುವಾಯವೂ ತಮ್ಮ ವಸತಿಗೃಹದಲ್ಲಿ ಬಹುಮಟ್ಟಿಗೆ ಹಾಗೆಯೇ ಇದ್ದವೆಂದಳು.

ಅದಕ್ಕಿಂತ ಒಂದು ವರ್ಷ ಹಿಂದೆ, 1971ರಲ್ಲಿ, ಪುಟ್ಟಣ್ಣ ಕಣಗಾಲರ ‘ಶರಪಂಜರ’ ಚಲನಚಿತ್ರ ಬಂದಿತ್ತು. ತ್ರಿವೇಣಿಯವರ ಕಾದಂಬರಿಯ ಕಥೆ. ಬಾಣಂತನದ ನಂತರ ಮನಸ್ಸು ಕೆಟ್ಟು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಗಂಡನೂ ಜನರೂ ಸೇರಿ ಮತ್ತೆ ಹುಚ್ಚಿಯನ್ನಾಗಿಸುವ ಕಥೆ. ನಾವು ಎಂಟು ಜನ ಕೂಡಿ ಟಾಕೀಜಿಗೆ ಹೋಗಿ, ಕತ್ತಲೆಯಲ್ಲಿ ಕಣ್ಣೊರೆಸಿಕೊಂಡು ಬಂದೆವು. ಮರುವರ್ಷ ಮಾನಸಿಕ ಆಸ್ಪತ್ರೆಯ ರೋಗಿಗಳ ನಡಿಗೆಯನ್ನು ಅನುಕರಿಸಿ ನಕ್ಕವರೂ ಅದೇ ಎಂಟು ಜನ. ಅವರಲ್ಲಿ ನಾನೂ ಇದ್ದೆ. ಎಲ್ಲರಿಗಿಂತ ಹೆಚ್ಚು ಗಟ್ಟಿಯಾಗಿ ನಕ್ಕೆ. ಯಾಕೆಂದರೆ ನನ್ನ ಮನೆಯಲ್ಲಿ ಅಂಥ ಒಬ್ಬರಿರುವರೆಂಬುದು ಯಾರಿಗೂ ತಿಳಿಯಬಾರದಾಗಿತ್ತು.

ಹುನಗುಂದ ತಾಲೂಕಿನ ಮಲಪ್ರಭೆಯ ದಂಡೆಯ ಹಳ್ಳಿ ನಮ್ಮದು. ಕೂಡುಕುಟುಂಬ. ದೊಡ್ಡಪ್ಪನ ಮಗ ನನಗಿಂತ ನಾಲ್ಕು ವರ್ಷ ಹಿರಿಯ. ನನಗೆ ಅಕ್ಷರ ತಿದ್ದಿಸಿದವನು, ಹೊಳೆಯಲ್ಲಿ ಈಜು ಕಲಿಸಿದವನು ಅವನೇ. ಇಪ್ಪತ್ತನೆಯ ವಯಸ್ಸಿನಲ್ಲಿ ಅವನು ಒಬ್ಬನೇ ಮಾತಾಡತೊಡಗಿದ. ತನ್ನ ಊಟದಲ್ಲಿ ವಿಷ ಬೆರೆಸುವರೆಂದು ಹೆದರತೊಡಗಿದ. ರಾತ್ರಿ ಎದ್ದು ಹೊಲಗಳ ಮೇಲೆ ಓಡತೊಡಗಿದ. ಹಿರಿಯರು ತಾಯಿತ ಕಟ್ಟಿಸಿದರು, ಹರಕೆ ಹೊತ್ತರು, ದೂರದೂರದ ಗುಡಿಗಳಿಗೆ ಕರೆದೊಯ್ದು ವಾರಗಟ್ಟಲೆ ಇರಿಸಿ ಬಂದರು. ಅವರಿಗೆ ತಿಳಿದದ್ದನ್ನು ಅವರು ಮಾಡಿದರು, ಪ್ರೀತಿಗೆ ಕೊರತೆಯಿರಲಿಲ್ಲ. 1970ರಲ್ಲಿ ಒಂದು ರಾತ್ರಿ ಅವನು ಹೊಳೆಯ ಪಾಲಾಗುವುದು ಕೂದಲೆಳೆಯಷ್ಟರಲ್ಲಿ ತಪ್ಪಿತು. ಮರುದಿನದಿಂದ ದನದ ಕೊಟ್ಟಿಗೆಯ ಕಂಬಕ್ಕೆ ಅವನ ಕಾಲಿನಿಂದ ಒಂದು ಸರಪಳಿ ಬಂದಿತು.

1972ರ ಆ ಎರಡು ವಾರಗಳಲ್ಲಿ ನಾನು ಅವನ ರೋಗದ ಹೆಸರನ್ನು ಕಲಿತೆ: ಸ್ಕಿಜೋಫ್ರೇನಿಯ. ಅದಕ್ಕೆ ಔಷಧವಿದೆಯೆಂಬುದನ್ನೂ ಕಲಿತೆ. ನಮ್ಮ ನಾಡಿನ ಸರ್ಪಗಂಧದ ಬೇರು ಉನ್ಮಾದವನ್ನು ಶಾಂತಗೊಳಿಸುವುದೆಂದು ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸರು 1931ರಲ್ಲಿಯೇ ಬರೆದಿದ್ದರು. ಆಸ್ಟ್ರೇಲಿಯದ ಜಾನ್ ಕೇಡ್ 1949ರಲ್ಲಿ ಲಿಥಿಯಂ ಲವಣದ ಗುಣವನ್ನು ಕಂಡುಹಿಡಿದಿದ್ದ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಬಳಕೆಗೆ ಬಂದು, ಜಗತ್ತಿನ ಹುಚ್ಚಾಸ್ಪತ್ರೆಗಳ ಬೀಗಗಳು ಸಡಿಲಾಗತೊಡಗಿದ್ದವು. ಆ ಆಸ್ಪತ್ರೆಯ ಅಧ್ಯಾಪಕರು, ಕಡೆಯ ದಿನ, ತೋಟದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ತರುಣನನ್ನು ಕರೆದು ನಮ್ಮೊಡನೆ ಮಾತಾಡಿಸಿದರು. ಆರು ತಿಂಗಳ ಹಿಂದೆ ಅವನನ್ನು ಹಗ್ಗ ಬಿಗಿದು ಚಕ್ಕಡಿಯಲ್ಲಿ ತಂದಿದ್ದರಂತೆ. ಮುಂದಿನ ವಾರ ಮನೆಗೆ ಹೊರಡುವವನಿದ್ದ. ಬಳಿಕ ಅವರು, “ನಿಮ್ಮಲ್ಲಿ ಈ ಶಾಸ್ತ್ರಕ್ಕೆ ಬರುವವರು ಯಾರಾದರೂ ಇದ್ದೀರಾ?” ಎಂದು ಕೇಳಿದರು. ನನ್ನ ಕೈ ಮೇಲೇಳಲು ತವಕಿಸಿತು. ಆದರೆ ‘ಯಾಕೆ?’ ಎಂದು ಅವರು ಕೇಳಿದರೆ ಏನು ಹೇಳಲಿ? ಎಂಟು ಜನರ ಎದುರು ಕೊಟ್ಟಿಗೆಯ ಕಥೆ ಹೇಳಬೇಕಾದೀತು. ನಾನು ಕೈ ಎತ್ತಲಿಲ್ಲ. ಯಾರೂ ಎತ್ತಲಿಲ್ಲ.

ವಿದ್ಯಾರ್ಥಿಗಳನ್ನು ಈ ಶಾಸ್ತ್ರದಿಂದ ದೂರವಿಡುವ ಕಾರಣಗಳನ್ನು ಪಂಡಿತರು ಪಟ್ಟಿ ಮಾಡುತ್ತಾರೆ: ಹಣ ಕಡಿಮೆ, ಗೌರವ ಕಡಿಮೆ, ಕಲಿಕೆಯ ಅವಧಿ ಕಡಿಮೆ, ರೋಗಿಯ ಭಯ. ಅವೆಲ್ಲವೂ ನಿಜ. ನನ್ನನ್ನು ತಡೆದದ್ದು ಅವಾವುವೂ ಅಲ್ಲ. ನಾಚಿಕೆ ಒಂದೇ ನನ್ನನ್ನು ತಡೆಯಿತು. ಮನೆಯಲ್ಲಿ ಆ ನೋವನ್ನು ಉಂಡವನೇ ಈ ಶಾಸ್ತ್ರಕ್ಕೆ ಎಲ್ಲರಿಗಿಂತ ಮೊದಲು ಎಳೆಯಲ್ಪಡುತ್ತಾನೆ, ಎಲ್ಲರಿಗಿಂತ ಮೊದಲು ಹಿಂಜರಿಯುವವನೂ ಅವನೇ.

ಇನ್ನೂ ನಾಚುವ ಸಂಗತಿ ಮುಂದಿದೆ. 1974ರಲ್ಲಿ ನಾನು ಡಾಕ್ಟರನಾದೆ. ಮರುವರ್ಷ ಹುನಗುಂದದಲ್ಲಿ ದವಾಖಾನೆ ತೆರೆದೆ. ಊರವರ ಜ್ವರಕ್ಕೆ, ವಾಂತಿಭೇದಿಗೆ, ಚೇಳಿನ ಕಡಿತಕ್ಕೆ ನಾನು ಬೇಕಾದೆ. ಕೊಟ್ಟಿಗೆಯ ಕಡೆಗೆ ಮಾತ್ರ ನಾನು ಹೋಗಲಿಲ್ಲ. ‘ದೊಡ್ಡವರು ಇದ್ದಾರೆ, ಅವರ ಮಾತು ಮೀರುವುದು ಹೇಗೆ’ ಎಂದು ನನಗೆ ನಾನೇ ಹೇಳಿಕೊಂಡೆ. ಔಷಧದ ಹೆಸರು ಗೊತ್ತಿದ್ದವನು, ಅದನ್ನು ಬರೆಯಲು ಅಧಿಕಾರವಿದ್ದವನು, ಎರಡು ವರ್ಷ ಸುಮ್ಮನಿದ್ದೆ.

1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಆ ಸಲ ಕನ್ನಡದ ಒಬ್ಬ ವೈದ್ಯರಿಗೆ ಬಂದಿತು. ‘ಕೊರವಂಜಿ’ ಪತ್ರಿಕೆಯಿಂದ ನಾಡನ್ನೆಲ್ಲ ನಗಿಸಿದ್ದ ರಾಶಿ, ಅಂದರೆ ಡಾಕ್ಟರ್ ಎಂ. ಶಿವರಾಂ ಅವರು, ಮನೋರೋಗಗಳನ್ನು ಕುರಿತು ಬರೆದ ‘ಮನಮಂಥನ’ ಆ ಗ್ರಂಥ. ಮರುವರ್ಷ ಅದು ನನ್ನ ಕೈಗೆ ಬಂದಿತು. ಇಂಗ್ಲಿಷಿನಲ್ಲಿ ಓದಿ ಮರೆತಿದ್ದ ರೋಗಗಳು ನನ್ನ ತಾಯಿನುಡಿಯಲ್ಲಿ, ನಮ್ಮ ನೆರೆಮನೆಯವರ ಮುಖ ತಳೆದು ಎದುರು ನಿಂತವು. ನನಗೆ ಅಂದು ಓದು ಮುಂದುವರಿಸಲಾಗಲಿಲ್ಲ. ಮುಂದಿನ ಆದಿತ್ಯವಾರ ಹಳ್ಳಿಗೆ ಹೋಗಿ ದೊಡ್ಡಪ್ಪನ ಕಾಲು ಹಿಡಿದೆ. ಮೂವರು ಕೂಡಿ ಅಣ್ಣನನ್ನು ಧಾರವಾಡದ ಸರಕಾರಿ ಮಾನಸಿಕ ಆಸ್ಪತ್ರೆಗೆ ಕರೆದೊಯ್ದೆವು. ಔಷಧ ಸುರುವಾಯಿತು. ಕೆಲವು ತಿಂಗಳಲ್ಲಿ ಧ್ವನಿಗಳು ಅಡಗಿದವು, ಭಯ ಇಳಿಯಿತು. ಸರಪಳಿಯನ್ನು ದೊಡ್ಡಪ್ಪನೇ ಬಿಚ್ಚಿ ಹೊಳೆಗೆ ಎಸೆದು ಬಂದ.

ಅಣ್ಣ ಪೂರ್ತಿ ಮೊದಲಿನವನಾಗಲಿಲ್ಲ. ಏಳು ವರ್ಷ ಕಟ್ಟಿಹಾಕಿದ ಮೇಲೆ ಯಾವನು ತಾನೆ ಮೊದಲಿನವನಾದಾನು? ಆದರೂ ಎತ್ತು ಮೇಯಿಸಿದ, ಹೊಲಕ್ಕೆ ಬುತ್ತಿ ಒಯ್ದ, ಮಕ್ಕಳನ್ನು ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸಿದ. 1999ರಲ್ಲಿ ಲಿಂಗೈಕ್ಯನಾಗುವವರೆಗೆ ಇಪ್ಪತ್ತೆರಡು ವರ್ಷ ಮನುಷ್ಯರ ನಡುವೆ ಮನುಷ್ಯನಾಗಿ ಬಾಳಿದ. ನನ್ನನ್ನು ಅವನು ಎಂದೂ ಏನೂ ಕೇಳಲಿಲ್ಲ. ಬಲಗಾಲಿನ ಹರಡಿನ ಸುತ್ತ ಉಳಿದ ಕಲೆಯನ್ನು ಮುಚ್ಚಲು ಧೋತರವನ್ನು ನೆಲ ಗುಡಿಸುವಂತೆ ಉಡುತ್ತಿದ್ದ. ಮಕ್ಕಳು ಕೇಳಿದರೆ, ಎತ್ತು ತುಳಿದ ಗಾಯವೆಂದು ನಾವೆಲ್ಲ ಹೇಳಿದೆವು.

ನಾನು ಮನೋವೈದ್ಯನಾಗಲಿಲ್ಲ. ಆದರೆ ಮನೋರೋಗಿಗಳು ನನ್ನನ್ನು ಬಿಡಲಿಲ್ಲ. ಸಾಮಾನ್ಯ ವೈದ್ಯನ ಬಾಗಿಲಿಗೆ ಬರುವವರಲ್ಲಿ ಮನಸ್ಸಿನ ನೋವನ್ನು ಮೈಯ ಭಾಷೆಯಲ್ಲಿ ಹೇಳುವವರು ಎಷ್ಟು ಜನ! ‘ಎದಿ ಹಾರತೈತಿ’, ‘ಕೈಕಾಲು ಹರೀತಾವು’, ‘ತಲಿ ಜುಮ್ ಅಂತೈತಿ’ ಎಂದು ಬಂದವರಿಗೆ ನಾನೂ ಎಲ್ಲರಂತೆ ಬಿ ಕಾಂಪ್ಲೆಕ್ಸ್ ಚುಚ್ಚಿದೆ, ಗ್ಲುಕೋಸು ಏರಿಸಿದೆ, ಹಣ ಪಡೆದೆ. ಮೊಮ್ಮಗಳು ಹೇಳಿದ ಇಳಕಲ್ಲಿನ ಹೆಣ್ಣುಮಗಳಂಥವರು ನನ್ನ ಕೈಯಿಂದಲೂ ‘ಏನೂ ಇಲ್ಲ’ ಎನಿಸಿಕೊಂಡು ಹೋಗಿರಬೇಕು.

ಒಂದು ಪ್ರಸಂಗ ಮಾತ್ರ ಸಮಾಧಾನ ಕೊಡುತ್ತದೆ. ಕಲ್ಲಿನ ಕ್ವಾರಿಯಲ್ಲಿ ದುಡಿಯುತ್ತಿದ್ದ ಒಬ್ಬಾತ ಇಪ್ಪತ್ತು ವರ್ಷದ ಕುಡಿತವನ್ನು ಮನೆದೇವರ ಮುಂದೆ ಆಣೆ ಮಾಡಿ ಒಂದೇ ದಿನಕ್ಕೆ ಬಿಟ್ಟ. ಮೂರನೆಯ ರಾತ್ರಿ ಮೈ ನಡುಗಿ, ಬೆವರಿ, ಗೋಡೆಯ ಮೇಲೆ ಹಾವುಗಳು ಹರಿಯುತ್ತಿವೆಯೆಂದು ಕೂಗಾಡತೊಡಗಿದ. ದೆವ್ವ ಹೊಕ್ಕಿತೆಂದು ಬೇವಿನ ಸೊಪ್ಪು ತಂದಿದ್ದರು. ಬಹುಕಾಲದ ಕುಡುಕ ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಮೆದುಳು ಹೀಗೆ ಕೆರಳುವುದುಂಟು; ಪ್ರಾಣಕ್ಕೂ ಅಪಾಯವುಂಟು. ಡಯಜೆಪಾಮ್, ಥಯಾಮಿನ್ ಕೊಟ್ಟು ಎರಡು ರಾತ್ರಿ ಪಕ್ಕದಲ್ಲಿ ಕೂತೆ. ಉಳಿದುಕೊಂಡ. ಆಣೆಯೂ ಉಳಿಯಿತು. ನಮ್ಮ ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1975ರಿಂದ ಮೊದಲಾಗಿ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, “ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರಿ” ಎಂದು ಬೇಡಿದ್ದನ್ನು ಬಲ್ಲವರೆಲ್ಲ ಬಲ್ಲರು. ಕುಡಿತವನ್ನು ಬಿಡಿಸುವ ಸಂಕಲ್ಪಬಲವನ್ನು ಆ ಜೋಳಿಗೆ ಕೊಟ್ಟಿತು. ಸಂಕಲ್ಪ ಮಾಡಿದವನ ಮೆದುಳನ್ನು ಮೊದಲ ವಾರ ಕಾಯಲು ಬಲ್ಲ ವೈದ್ಯನೂ ಬೇಕು. ಮಠಕ್ಕೂ ಮನೋವೈದ್ಯನಿಗೂ ವಿರೋಧವಿದೆಯೆಂದು ಭಾವಿಸುವವರು ಈ ಎರಡು ಮಾತನ್ನು ಕೂಡಿಸಿ ನೋಡಬೇಕು.

ಇನ್ನು ಕೊರತೆ ಎಷ್ಟು ದೊಡ್ಡದೆಂಬುದನ್ನು ಸಂಕ್ಷೇಪವಾಗಿ ಹೇಳುವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಜನ ಒಂದಿಲ್ಲೊಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. 2011ರ ಜನಗಣತಿಯಂತೆ ನಮ್ಮ ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ ಸುಮಾರು 18 ಲಕ್ಷ 90 ಸಾವಿರ. ದೇಶದ ಸರಾಸರಿಯನ್ನೇ ಹಿಡಿದರೂ ಲಕ್ಷಕ್ಕೆ ಮಿಕ್ಕಿದ ಜನರ ಮಾತಾಯಿತು. ಮನೋವೈದ್ಯರಾದರೋ ಭಾರತದಲ್ಲಿ ಲಕ್ಷ ಜನಕ್ಕೆ ಒಬ್ಬರೂ ಇಲ್ಲ. ಇರುವವರಲ್ಲಿ ಹೆಚ್ಚಿನವರು ದೊಡ್ಡ ಪಟ್ಟಣಗಳಲ್ಲಿ. ಈ ಕೊರತೆಯನ್ನು ಅರಿತೇ 1980ರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು, ಹಳ್ಳಿಯಲ್ಲಿಯೇ ಮನೋರೋಗಕ್ಕೆ ಚಿಕಿತ್ಸೆ ದೊರೆಯಬಲ್ಲುದೆಂದು ತೋರಿಸಿದರು. 1996ರಿಂದ ಅದೇ ಮಾದರಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂಬ ಹೆಸರಿನಲ್ಲಿ ದೇಶಕ್ಕೆಲ್ಲ ಹಬ್ಬಿತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಹೊತ್ತಿದಾಗ, ಸರಪಳಿಯಿಂದ ಕಟ್ಟಿದ್ದ 28 ಮನೋರೋಗಿಗಳು ಓಡಲಾರದೆ ಸುಟ್ಟು ಸತ್ತರು. ಆ ಸುದ್ದಿ ಓದಿದ ದಿನ ನನಗೆ ಅನ್ನ ಇಳಿಯಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯು ರೋಗಿಯನ್ನು ಯಾವ ರೀತಿಯಿಂದಲೂ ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ. ಅರಿವಳಿಕೆಯಿಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವುದನ್ನೂ ನಿಷೇಧಿಸಿದೆ. ಕಾಯಿದೆ ಬಂದಿದೆ, ಔಷಧ ಬಂದಿದೆ. ಬರಬೇಕಾದವರು ವೈದ್ಯರು.

ಬಾದಾಮಿಯ ಪಡಸಾಲೆಗೆ ಮರಳುವೆ. ಹುಡುಗಿ ಸುಮ್ಮನಾಗಿದ್ದಳು, ತಂದೆತಾಯಿ ನನ್ನ ಮುಖ ನೋಡುತ್ತಿದ್ದರು. ‘ಈ ಮನೆತನದಲ್ಲಿ ಏನಾದರೂ ಇದೆಯೇ’ ಎಂಬ ಸೊಸೆಯ ಮಾತು ಇನ್ನೂ ಕಿವಿಯಲ್ಲಿತ್ತು. ನಾನು ಅಣ್ಣನ ಮಗನನ್ನು, “ನಿಮ್ಮ ದೊಡ್ಡಪ್ಪನ ಕಾಲಾಗ ಒಂದು ಕಲಿ ಇತ್ತು, ನೆನಪೈತೇನೋ?” ಎಂದು ಕೇಳಿದೆ.

“ಐತ್ರಿ. ಎತ್ತು ತುಳದಿತ್ತಲ್ರಿ.”

“ಎತ್ತಲ್ಲಪಾ. ಸರಪಳಿ.”

ಐವತ್ತು ವರ್ಷ ಮುಚ್ಚಿಟ್ಟದ್ದನ್ನು ಅಂದು ಮೊದಲಿನಿಂದ ಕಡೆಯವರೆಗೆ ಹೇಳಿದೆ. ನಾನು ಕೈ ಎತ್ತದ್ದನ್ನೂ, ಡಾಕ್ಟರನಾಗಿ ಎರಡು ವರ್ಷ ಸುಮ್ಮನಿದ್ದುದನ್ನೂ ಬಿಡಲಿಲ್ಲ. ಸೊಸೆಗೆ ಮೊದಲು ಭಯವಾಯಿತು. ಮಗಳಿಗೂ ಆ ರೋಗ ಬಂದೀತೇ ಎಂದು ಕೇಳಿದಳು. ಉತ್ತರ ಕೊಟ್ಟವಳು ಮಗಳೇ: ರಕ್ತಸಂಬಂಧದಲ್ಲಿ ಸಂಭವ ಸ್ವಲ್ಪ ಹೆಚ್ಚಾದರೂ ದೂರದ ಸಂಬಂಧಿಗಳಲ್ಲಿ ಅದು ಬಹಳ ಕಡಿಮೆಯೆಂದೂ, ಸಕ್ಕರೆ ಕಾಯಿಲೆ ಇಲ್ಲದ ಮನೆ ಹೇಗೆ ಅಪರೂಪವೋ ಮನೋರೋಗ ಹೊಕ್ಕದ ಮನೆತನವೂ ಹಾಗೆಯೇ ಅಪರೂಪವೆಂದೂ ತಿಳಿಸಿದಳು. ಇಷ್ಟು ನೇರವಾಗಿ, ಇಷ್ಟು ಮೆಲ್ಲಗೆ ಹೇಳುವುದನ್ನು ನಾನು ನಲವತ್ತು ವರ್ಷದಲ್ಲಿ ಕಲಿತಿರಲಿಲ್ಲ. ಬಹಳ ಹೊತ್ತಿನ ಮೇಲೆ ಅವಳ ತಂದೆ, “ದೊಡ್ಡಪ್ಪ ನನ್ನ ಹೆಗಲ ಮ್ಯಾಲ ಹೊತ್ತು ಬನಶಂಕರಿ ಜಾತ್ರಿ ತೋರಿಸ್ಯಾನ್ರಿ” ಎಂದ. ಮತ್ತೆ, “ಆಕಿಗೆ ಬೇಕಾದ್ದು ಬರೀಲಿ ಬಿಡ್ರಿ ಕಾಕಾ” ಎಂದ. ತಾಯಿ ಅಂದು ಒಪ್ಪಲಿಲ್ಲ. ಒಪ್ಪಲು ಒಂದು ವರ್ಷ ಹಿಡಿಯಿತು.

ನನ್ನ ಮಾತಿನಿಂದ ಅವಳು ಆ ದಾರಿ ಹಿಡಿದಳೆಂದು ಯಾರೂ ತಿಳಿಯಬಾರದು. ಅವಳನ್ನು ಎಳೆದದ್ದು ನಾನಲ್ಲ. ನೇಕಾರ ಹೆಣ್ಣುಮಗಳೊಬ್ಬಳು, ಮುಕ್ಕಾಲು ತಾಸು ಕೂತು ಕೇಳಿದ ಒಬ್ಬ ಅಧ್ಯಾಪಕಿ, ಶಾಲೆಯಲ್ಲಿದ್ದಾಗ ಓದಿದ ಡಾಕ್ಟರ್ ಸಿ. ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳು, ಇವು ಮೂರು ಕೂಡಿ ಎಳೆದವು. ಯಾವ ವಿದ್ಯಾರ್ಥಿಯನ್ನಾದರೂ ಈ ಶಾಸ್ತ್ರಕ್ಕೆ ತರುವವು ಇಂಥವೇ: ಗುಣವಾದ ಒಬ್ಬ ರೋಗಿಯನ್ನು ಕಣ್ಣಾರೆ ಕಾಣುವುದು, ತನ್ನ ಕೆಲಸವನ್ನು ಪ್ರೀತಿಸುವ ಒಬ್ಬ ಗುರು ದೊರೆಯುವುದು, ತಾಯಿನುಡಿಯಲ್ಲಿ ನಾಲ್ಕು ಒಳ್ಳೆಯ ಪುಸ್ತಕಗಳು ಸಿಗುವುದು. ಮನೆಯವರು ಅಡ್ಡ ನಿಲ್ಲದಿದ್ದರೆ ಸಾಕು.

ಈಗ ಅವಳ ಎಂ.ಡಿ. ಅಭ್ಯಾಸ ಮುಗಿಯುವ ಹಂತಕ್ಕೆ ಬಂದಿದೆ. ಕಷ್ಟಗಳಿಲ್ಲವೆಂದಲ್ಲ. ಔಷಧ ನಿಲ್ಲಿಸಿ ಮತ್ತೆ ಕೆಟ್ಟುಬರುವವರುಂಟು. ಬದುಕಿಸಲಾಗದೆ ಹೋದ ತರುಣನೊಬ್ಬನಿಗಾಗಿ ಅವಳು ಫೋನಿನಲ್ಲಿ ಅತ್ತದ್ದೂ ಉಂಟು. ಆದರೂ ನಮ್ಮ ಭಾಗಕ್ಕೇ ಮರಳಿ ಬರುವೆನೆಂದು ಹೇಳುತ್ತಾಳೆ.

ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಮನೆಯ ವೈದ್ಯಕೀಯ ವಿದ್ಯಾರ್ಥಿ ಈ ಶಾಸ್ತ್ರವನ್ನು ಬಯಸಿದರೆ ‘ಹುಚ್ಚರ ಡಾಕ್ಟರ’ ಎಂಬ ಮಾತನ್ನು ಬಾಯಿಗೆ ತಾರದಿರಿ. ಮನೆಯಲ್ಲಿ ಯಾರಾದರೂ ನಿದ್ದೆಗೆಟ್ಟು, ಮಾತುಗೆಟ್ಟು, ಮಂಕಾಗಿ ಕುಳಿತಿದ್ದರೆ ಹರಕೆಯ ಜೊತೆಗೆ ಆಸ್ಪತ್ರೆಗೂ ಕರೆದೊಯ್ಯಿರಿ. ಹೋಗಲಾರದವರು 14416ಕ್ಕೆ ಫೋನು ಮಾಡಿದರೆ, 2022ರಿಂದ ನಡೆಯುತ್ತಿರುವ ಟೆಲಿ-ಮನಸ್ ಸೇವೆಯಲ್ಲಿ ಹಗಲಿರುಳು ಉಚಿತವಾಗಿ ಸಲಹೆ ದೊರೆಯುತ್ತದೆ. ಪ್ರಸಾದನಿಲಯಗಳಲ್ಲಿ ವರ್ಷಕ್ಕೊಮ್ಮೆಯಾದರೂ ಮನೋವೈದ್ಯರನ್ನು ಕರೆಯಿಸಿ ಮಕ್ಕಳೊಡನೆ ಮಾತಾಡಿಸಿರಿ. ‘ಇದಕ್ಕೆ ಬರುವವರು ಯಾರಾದರೂ ಇದ್ದೀರಾ’ ಎಂದು ಅವರು ಕೇಳಿದಾಗ, ಹಿಂದಿನ ಸಾಲಿನಲ್ಲಿ ತನ್ನ ಮನೆಯ ಕೊಟ್ಟಿಗೆಯನ್ನು ನೆನೆದು ಕುಳಿತ ಹುಡುಗನೊಬ್ಬ ಇದ್ದಾನು. ಅವನು ನಾಚದೆ ಕೈ ಎತ್ತುವಂತಾಗಲಿ.